ನಾಲ್ಕನೆಯ ಚಕ್ರ

ನಾನು ಯಂತ್ರಶಾಸ್ತ್ರ ಬಲ್ಲವನಲ್ಲ. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು. ಬೈಸಿಕಲ್ಲಿಗಿಂತ ದೊಡ್ಡದಾದ ಯಾವ ವಾಹನವನ್ನೂ ನಡೆಸಿದವನಲ್ಲ. ಇಂಥವನು ಕಾರಿನ ಚಕ್ರಗಳನ್ನು ಕುರಿತು ಬಾನುಲಿಯಲ್ಲಿ ಮಾತನಾಡುವುದು ಅಧಿಕಪ್ರಸಂಗವೆಂದು ನಿಮಗೆ ತೋರಿದರೆ ಅದು ನಿಮ್ಮ ತಪ್ಪಲ್ಲ. ಆದರೆ 2018ರ ಬೇಸಿಗೆಯಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಹೊರವಲಯದಲ್ಲಿ, ನನ್ನ ಮಗನ ಮನೆಯ ಗ್ಯಾರೇಜಿನಲ್ಲಿ, ನಾಲ್ಕು ಹಳೆಯ ಚಕ್ರಗಳ ನಡುವೆ ಆರು ವಾರ ಕುಳಿತಿದ್ದೆ. ಆ ಆರು ವಾರಗಳಲ್ಲಿ ನಾನು ಮಾಡಿದ ಒಂದು ಕೆಲಸ ಇಂದಿಗೂ ನನ್ನ ಮನಸ್ಸನ್ನು ಬಿಟ್ಟಿಲ್ಲ. ಅದನ್ನು ಹೇಳುವುದಕ್ಕೆ ಮೊದಲು ಆ ಕಾರಿನ ಕುಲಗೋತ್ರವನ್ನು ಸ್ವಲ್ಪ ಹೇಳಬೇಕು.

ಅಮೆರಿಕದವರು ಅದನ್ನು ‘ಮಸಲ್ ಕಾರ್’ ಎಂದು ಕರೆಯುತ್ತಾರೆ. ಮಾಂಸಖಂಡದ ಕಾರು ಎಂದು ಅನುವಾದಿಸಿದರೆ ನಗೆಪಾಟಲಾದೀತು. ನಾನು ಅದಕ್ಕೆ ‘ಜಟ್ಟಿಕಾರು’ ಎಂದು ಹೆಸರಿಟ್ಟೆ. ಮನೆಯಲ್ಲಿ ಆ ಹೆಸರೇ ನಿಂತಿತು. ಮಧ್ಯಮ ಗಾತ್ರದ, ಸಾಮಾನ್ಯ ಬೆಲೆಯ ಕಾರಿಗೆ ದೊಡ್ಡ ಕಾರಿನ ಭಾರಿ ಎಂಜಿನನ್ನು ಕೂರಿಸಿದರೆ ಅದೇ ಜಟ್ಟಿಕಾರು. 1964ರಲ್ಲಿ ಪಾಂಟಿಯಾಕ್ ಕಂಪನಿ ಹೊರತಂದ ಜಿ.ಟಿ.ಓ. ಎಂಬ ಮಾದರಿಯಿಂದ ಈ ಸಂತತಿಯನ್ನು ಎಣಿಸುವುದು ವಾಡಿಕೆ. ಮಗನ ಬಳಿ ಇದ್ದದ್ದು 1969ರ ಪ್ಲಿಮತ್ ರೋಡ್ ರನ್ನರ್: ಆರೂಕಾಲು ಲೀಟರಿನ ಎಂಜಿನು, ಕಂಪನಿಯ ಲೆಕ್ಕದಂತೆ 335 ಅಶ್ವಶಕ್ತಿ. ಅದರ ಹಾರನ್ನು ಒತ್ತಿದರೆ ಮಕ್ಕಳ ವ್ಯಂಗ್ಯಚಿತ್ರದ ಓಡುಹಕ್ಕಿಯಂತೆ ‘ಬೀಪ್ ಬೀಪ್’ ಎನ್ನುತ್ತದೆ. ಇಷ್ಟು ದೊಡ್ಡ ಜಟ್ಟಿಗೆ ಇಂಥ ಕೀಚಲು ದನಿಯೇ ಎಂದು ನನಗೆ ಮೊದಲ ದಿನ ಮರುಕವೇ ಆಯಿತು.

ಈ ಸಂತತಿಯ ಆಯುಸ್ಸು ದೀರ್ಘವಾಗಲಿಲ್ಲ. ವಿಮೆಯ ಕಂತು ಏರಿತು; 1970ರಲ್ಲಿ ವಾಯುಮಾಲಿನ್ಯದ ಕಾಯಿದೆ ಬಂತು; 1973ರಲ್ಲಿ ಅರಬ್ ರಾಷ್ಟ್ರಗಳು ತೈಲ ನಿಲ್ಲಿಸಿದವು. ಜಟ್ಟಿಗಳು ಒಂದೊಂದಾಗಿ ಅಖಾಡ ಬಿಟ್ಟವು. ಉಳಿದವನ್ನು ಈಗ ಅಲ್ಲಿನ ಜನ ದೇವರ ಉತ್ಸವಮೂರ್ತಿಯಂತೆ ಕಾಪಾಡುತ್ತಾರೆ. ಉತ್ಸವವೂ ಉಂಟು. ಡೆಟ್ರಾಯಿಟಿನಿಂದ ಪಾಂಟಿಯಾಕ್ ಊರಿನ ಕಡೆಗೆ ಹೋಗುವ ವುಡ್‌ವರ್ಡ್ ಅವೆನ್ಯೂ ಎಂಬ ರಸ್ತೆಯಲ್ಲಿ 1995ರಿಂದ ಆಗಸ್ಟ್ ತಿಂಗಳ ಮೂರನೆಯ ಶನಿವಾರ ಹಳೆಯ ಕಾರುಗಳ ಮೆರವಣಿಗೆ ನಡೆಯುತ್ತ ಬಂದಿದೆ. ಜನ ರಸ್ತೆಯ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು, ನಮ್ಮೂರಿನಲ್ಲಿ ರಥಬೀದಿಯ ಜಗಲಿಯ ಮೇಲೆ ಕೂರುವಂತೆ, ಬೆಳಗಿನಿಂದಲೇ ಕೂರುತ್ತಾರೆ. ಆ ವರ್ಷದ ಮೆರವಣಿಗೆಯಲ್ಲಿ ತನ್ನ ಕಾರನ್ನು ನಡೆಸಬೇಕು, ಹಿಂದಿನ ಸೀಟಿನಲ್ಲಿ ಎಂಟು ವರ್ಷದ ಮಗಳನ್ನು ಕೂರಿಸಿಕೊಳ್ಳಬೇಕು ಎಂಬುದು ನನ್ನ ಮಗನ ಆಸೆ.

ಅದಕ್ಕೆ ಚಕ್ರಗಳು ಬೇಕಾದವು. ಕಾರಿಗೆ ಚಕ್ರಗಳಿರಲಿಲ್ಲವೇ ಎಂದು ಕೇಳಬಹುದು. ಇದ್ದವು, ಕಾರ್ಖಾನೆಯವರೇ ಕೊಟ್ಟ, ಬಣ್ಣ ಬಳಿದ ಉಕ್ಕಿನ ಚಕ್ರಗಳು. ಆದರೆ ಆ ಕಾಲದ ಹುಡುಗರು ಕಾರು ಕೊಂಡೊಡನೆ ಮೊದಲು ಬದಲಾಯಿಸುತ್ತಿದ್ದದ್ದು ಚಕ್ರಗಳನ್ನೇ. ಎರಡನೆಯ ಮಹಾಯುದ್ಧದ ತರುವಾಯ ಟೆಡ್ ಹ್ಯಾಲಿಬ್ರ್ಯಾಂಡ್ ಎಂಬಾತ ಇಂಡಿಯಾನಾಪೊಲಿಸ್ ಪಂದ್ಯದ ಕಾರುಗಳಿಗೆ ಮೆಗ್ನೀಸಿಯಂ ಲೋಹದ ಹಗುರವಾದ ಚಕ್ರಗಳನ್ನು ಎರಕ ಹೊಯ್ದ. 1956ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಆರಂಭವಾದ ಅಮೆರಿಕನ್ ರೇಸಿಂಗ್ ಕಂಪನಿಯ, ಐದು ಅರೆಗಳ ಚಕ್ರ ಪಂದ್ಯದ ಬಯಲಿನಿಂದ ಬೀದಿಗೆ ಬಂತು. 1968ರ ‘ಬುಲಿಟ್’ ಚಲನಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಓಡಿಸುವ ಹಸಿರು ಮಸ್ಟಾಂಗಿನಲ್ಲಿ ಅದನ್ನು ನೋಡಬಹುದು. ಮೆಗ್ನೀಸಿಯಂ ಉಪ್ಪುನೀರಿಗೆ ಬೇಗ ಕೊರೆದುಹೋಗುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಆ ನಾಡಿನಲ್ಲಿ ಅದು ಬಾಳಿಕೆಗೆ ಬಾರದೆ ಅಲ್ಯೂಮಿನಿಯಂ ಬಂತು. ಲೋಹ ಹೋದರೂ ಹೆಸರು ಹೋಗಲಿಲ್ಲ. ಅಲ್ಯೂಮಿನಿಯಂ ಚಕ್ರವನ್ನೂ ಅಲ್ಲಿನವರು ‘ಮ್ಯಾಗ್’ ಎಂದೇ ಕರೆಯುತ್ತಾರೆ. ಹೊಗೆಯೇ ಇಲ್ಲದ ಎಂಜಿನು ಎಳೆಯುತ್ತಿದ್ದರೂ ನಮ್ಮಲ್ಲಿ ‘ಹೊಗೆಬಂಡಿ’ ಎಂದ ಹಾಗೆ.

ಮಗ ಹಳೆಯ ಬಿಡಿಭಾಗಗಳ ಸಂತೆಯಲ್ಲಿ ಅಂಥ ನಾಲ್ಕು ಚಕ್ರಗಳನ್ನು ಕೊಂಡು ತಂದ. ಮಾಡಿದವರು ಯಾರೆಂಬುದು ಇಲ್ಲಿ ಬೇಡ. ಮುಂದೆ ಹೇಳುವ ದೋಷ ಅವರದಲ್ಲ. ಯಾರದೋ ಕೊಟ್ಟಿಗೆಯಲ್ಲಿ ದಶಕಗಳ ಕಾಲ ಬಿದ್ದಿದ್ದ ಅವು ಮಸಿಹಿಡಿದ ತಪ್ಪಲೆಯ ತಳದಂತಿದ್ದವು. ಅವುಗಳ ಮೇಲಿದ್ದ ಟೈರುಗಳ ಪಟ್ಟೆ ಇನ್ನೂ ಆಳವಾಗಿಯೇ ಇತ್ತು. ಚೆನ್ನಾಗಿವೆಯಲ್ಲ ಎಂದೆ. ಮಗ ಟೈರಿನ ಪಕ್ಕೆಯ ಮೇಲಿನ ಅಂಕಿಗಳನ್ನು ತೋರಿಸಿದ. 2000ದಿಂದ ಈಚಿನ ಟೈರುಗಳಲ್ಲಿ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ. ಇವುಗಳಲ್ಲಿ ಮೂರೇ ಅಂಕಿ. ಎಂದರೆ ಹಿಂದಿನ ಶತಮಾನದವು. ರಬ್ಬರಿಗೆ ಸವೆತ ಬೇರೆ, ಮುಪ್ಪು ಬೇರೆ. ಆ ಟೈರುಗಳನ್ನು ಬಿಚ್ಚಿಸಿ ಎಸೆದೆವು.

ಚಕ್ರಗಳನ್ನು ಹಂಚಿಕೊಂಡೆವು. ಮಗನಿಗೆ ಎರಡು, ಸೊಸೆಗೂ ಮೊಮ್ಮಗಳಿಗೂ ಕೂಡಿ ಒಂದು, ನನಗೆ ಒಂದು. ಬ್ರೇಕಿನ ಮಸಿಯನ್ನು ಸೋಪು ನೀರಿನಲ್ಲಿ ತೊಳೆಯುವುದು, ಹಳೆಯ ಲೇಪವನ್ನು ಕರಗಿಸಿ ತೆಗೆಯುವುದು, ಆಮೇಲೆ ಉಪ್ಪುಕಾಗದ. 320ರ ಒರಟು ಕಾಗದದಿಂದ ಆರಂಭಿಸಿ 400, 600, 1000 ಎಂದು ನಯವಾಗುತ್ತ ಹೋಗಬೇಕು. ನೀರಿನಲ್ಲಿ ಅದ್ದಿ ಉಜ್ಜಬೇಕು. ಹಿಂದಿನ ಕಾಗದದ ಗೀರುಗಳೆಲ್ಲ ಮಾಯವಾಗದೆ ಮುಂದಿನದನ್ನು ಮುಟ್ಟಬಾರದು. ಸೊಸೆ ಒಮ್ಮೆ ಅಡುಗೆಮನೆಯ ಒಲೆ ತೊಳೆಯುವ ದ್ರವವನ್ನು ತಂದಳು. ಅದರಲ್ಲಿ ಕಾಸ್ಟಿಕ್ ಸೋಡ ಇದೆಯೆಂದು ಮಗ ಕೂಗಿ ತಡೆದ. ಆ ಕ್ಷಾರ ಕೊಳೆಯನ್ನಲ್ಲ, ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದಂತೆ. ಕೊನೆಗೆ ಬಟ್ಟೆಯ ಗಾಲಿ ತಿರುಗಿಸಿ ಮೆರುಗು ಕೊಡುವುದು. ಕೈಯೆಲ್ಲ ಕಪ್ಪಾಗುತ್ತಿತ್ತು, ಚಕ್ರ ಬೆಳ್ಳಗಾಗುತ್ತಿತ್ತು. ದಿನಕ್ಕೆ ನಾಲ್ಕು ಗಂಟೆ, ಹದಿನೆಂಟು ದಿನ ಉಜ್ಜಿದೆ. ನನ್ನ ಅಜ್ಜಿ ದೀಪಾವಳಿಯ ಹಿಂದಿನ ದಿನ ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ ಭಂಗಿ ನನ್ನ ಮೈಗೆ ತಾನಾಗಿ ಬಂದಿತ್ತು.

ಎರಡನೆಯ ವಾರದಲ್ಲಿರಬೇಕು, ನಟ್ಟು ಕೂರುವ ಐದು ರಂಧ್ರಗಳಲ್ಲಿ ಒಂದರ ಅಂಚಿನಿಂದ ಅರೆಯ ಕಡೆಗೆ ಕೂದಲಿನಂಥ ಒಂದು ಗೀರು ನನ್ನ ಕಣ್ಣಿಗೆ ಬಿತ್ತು. ಮುಕ್ಕಾಲು ಅಂಗುಲವಿದ್ದೀತು. ಯಾರದೋ ಸ್ಪ್ಯಾನರು ಜಾರಿ ಎಳೆದ ಗೆರೆ ಎಂದುಕೊಂಡೆ. ಎರಡು ಮಧ್ಯಾಹ್ನ ಅದೊಂದನ್ನೇ ಉಜ್ಜಿದೆ. ಹೋಯಿತು. ಮೆರುಗಿನ ಗಾಲಿ ಹಿಡಿದ ಮೇಲೆ ಆ ಜಾಗದಲ್ಲಿ ನನ್ನ ಕನ್ನಡಕ ಕಾಣುತ್ತಿತ್ತು. ಸಂಜೆ ಮಗನನ್ನು ಕರೆದು ತೋರಿಸಿ, ‘ನಿನ್ನ ಎರಡಕ್ಕಿಂತ ನನ್ನದೇ ಚೆನ್ನಾಗಿದೆ ನೋಡು’ ಎಂದೆ. ‘ಹೌದಪ್ಪ’ ಎಂದು ಒಪ್ಪಿಕೊಂಡ. ಗೀರಿನ ವಿಷಯ ಹೇಳಲಿಲ್ಲ. ಹೇಳುವಂಥದು ಎಂದು ತೋರಲೇ ಇಲ್ಲ.

ಟೈರು ಹಾಕಿಸುವ ಮೊದಲು ಬರಿಯ ಚಕ್ರಗಳನ್ನು ಕಾರಿಗೆ ಕೂರಿಸಿ ನೋಡಿದೆವು. ಹೊರಗಿನವರು ಮಾಡಿದ ಚಕ್ರ ಎಲ್ಲ ಕಾರಿಗೂ ಹೊಂದುವುದಿಲ್ಲ. ಐದು ಬೋಲ್ಟುಗಳ ನಡುವೆ ಎಳೆದ ವೃತ್ತದ ಅಡ್ಡಳತೆ ಈ ಪ್ಲಿಮತ್ತಿಗೆ ನಾಲ್ಕೂವರೆ ಅಂಗುಲ. ಅದೇ ಕಾಲದ ಷೆವ್ರೊಲೆಗಳಿಗೆ ನಾಲ್ಕೂಮುಕ್ಕಾಲು. ಆ ಕಾಲಂಗುಲವನ್ನು ಬಲವಂತದಿಂದ ದಾಟಿಸಲು ಹೋದವರು ಬೋಲ್ಟು ಬಾಗಿಸಿಕೊಂಡಿದ್ದಾರೆ. ಮತ್ತೆ ಚಕ್ರ ಒಳಕ್ಕೆ ಎಷ್ಟು ಸರಿಯುತ್ತದೆ, ಹೊರಕ್ಕೆ ಎಷ್ಟು ಚಾಚುತ್ತದೆ ಎಂಬ ಲೆಕ್ಕ. ಹೆಚ್ಚು ಒಳಗೆ ಹೋದರೆ ಬ್ರೇಕಿಗೆ ತಾಗುತ್ತದೆ, ಹೆಚ್ಚು ಹೊರಗೆ ಬಂದರೆ ತಿರುವಿನಲ್ಲಿ ಮಡ್ಗಾರ್ಡನ್ನು ಕೊಯ್ಯುತ್ತದೆ. ಮುಂದಿನ ಬ್ರೇಕಿನ ಮೇಲೆ ಮೊಮ್ಮಗಳ ಆಟದ ಜೇಡಿಮಣ್ಣಿನ ಉಂಡೆಗಳನ್ನು ಅಂಟಿಸಿ ಮಗ ಚಕ್ರವನ್ನು ಮೆಲ್ಲನೆ ತಿರುಗಿಸಿದ. ಬಿಚ್ಚಿ ನೋಡಿದರೆ ಮಣ್ಣು ಎಷ್ಟು ತೆಳ್ಳಗಾಗಿದೆಯೋ ಅಷ್ಟು ಎಡೆ ಉಳಿದಿದೆ ಎಂದರ್ಥ. ನನಗೆ ಆ ಆರು ವಾರಗಳಲ್ಲಿ ಅತ್ಯಂತ ಮೆಚ್ಚಿಕೆಯಾದ ಉಪಾಯ ಅದು.

ಹಿಂದಿನ ಎಡಚಕ್ರದ ಬಳಿ ನಾನು ನಗೆಗೀಡಾದೆ. ಹಳೆಯ ಉಕ್ಕಿನ ಚಕ್ರದ ನಟ್ಟನ್ನು ಬಿಚ್ಚಲು ಎಡಕ್ಕೆ ತಿರುಗಿಸಿದೆ, ಅದು ಮಿಸುಕಲಿಲ್ಲ. ಇನ್ನೂ ಬಲ ಹಾಕಿದೆ. ‘ಅಪ್ಪಾ, ನಿಲ್ಲಿಸಿ! ನೀವು ಬಿಚ್ಚುತ್ತಿಲ್ಲ, ಬಿಗಿ ಮಾಡುತ್ತಿದ್ದೀರಿ’ ಎಂದು ಮಗ ಓಡಿಬಂದ. 1970ರವರೆಗಿನ ಕ್ರೈಸ್ಲರ್ ವಂಶದ ಕಾರುಗಳಲ್ಲಿ ಎಡಪಕ್ಕದ ಬೋಲ್ಟುಗಳಿಗೆ ತಿರುಪು ಎಡಮುಖ. ಚಕ್ರ ಉರುಳುವ ದಿಕ್ಕಿಗೆ ನಟ್ಟು ಸಡಿಲವಾದೀತೆಂಬ ಭಯದಿಂದ ಎಂಜಿನಿಯರುಗಳು ಹಾಗೆ ಮಾಡಿದ್ದರಂತೆ. ಬೋಲ್ಟಿನ ತುದಿಯಲ್ಲಿ ‘ಎಲ್’ ಎಂಬ ಅಕ್ಷರವನ್ನೂ ಒತ್ತಿದ್ದಾರೆ. ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಬೈಸಿಕಲ್ಲಿನ ಎಡಪೆಡಲಿಗೂ ತಿರುಪು ಎಡಮುಖವೇ. ಅದನ್ನು ನಮ್ಮೂರಿನ ಸೈಕಲ್ ಶಾಪಿನ ಹುಡುಗನೊಬ್ಬ ನನಗೆ ಐವತ್ತು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದ್ದ.

ಮೆರವಣಿಗೆಗೆ ಎಂಟು ದಿನವಿದ್ದಾಗ ಪಕ್ಕದ ಮನೆಯ ವೃದ್ಧರು ಬಂದರು. ಕಾರ್ಖಾನೆಯೊಂದರಲ್ಲಿ ಎರಕದ ಭಾಗಗಳನ್ನು ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತರಾದವರು. ಸಾಲಾಗಿ ಒರಗಿಸಿದ್ದ ನಾಲ್ಕು ಚಕ್ರಗಳನ್ನು ನೋಡಿ ಹೊಗಳಲಿಲ್ಲ. ‘ಪರೀಕ್ಷೆ ಯಾವಾಗ ಮಾಡಿದಿರಿ, ಹೊಳಪಿಗೆ ಮೊದಲೋ, ಆಮೇಲೋ?’ ಎಂದು ಕೇಳಿದರು. ಮಗ ಉತ್ತರಿಸಲಿಲ್ಲ. ಅವರು ಮನೆಗೆ ಹೋಗಿ ಮೂರು ಡಬ್ಬಿಗಳನ್ನು ತಂದರು.

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ನಿಂತಾಗ ಉದ್ದ ಹಿಡಿಯ ಸುತ್ತಿಗೆಯಿಂದ ಗಾಲಿಗಳನ್ನು ತಟ್ಟುತ್ತ ಹೋಗುವವನನ್ನು ಹಿರಿಯರು ನೋಡಿರಬಹುದು. ಗಟ್ಟಿ ಗಾಲಿ ಗಂಟೆಯಂತೆ ಮೊಳಗುತ್ತದೆ; ಒಡಕು ಗಾಲಿ ಮಂಕಾಗಿ ನುಡಿಯುತ್ತದೆ. ಈ ಚಕ್ರಗಳ ಸಣ್ಣ ಬಿರುಕು ಹಾಗೆ ಕಿವಿಗೆ ಸಿಕ್ಕುವಂಥದಲ್ಲ, ಕಣ್ಣಿಗೇ ಹಿಡಿದುಕೊಡಬೇಕು. ಮೊದಲ ಡಬ್ಬಿಯಿಂದ ಜಿಡ್ಡು ತೊಳೆಯುತ್ತಾರೆ. ಎರಡನೆಯದರಿಂದ ಕೆಂಪು ಬಣ್ಣದ ದ್ರವ ಚಿಮುಕಿಸಿ ಕಾಲು ಗಂಟೆ ಕಾಯುತ್ತಾರೆ. ಬಿರುಕಿದ್ದರೆ ಅದು ಒಳಗಿಳಿಯುತ್ತದೆ. ಮೇಲಿನದನ್ನು ಒರೆಸಿ, ಮೂರನೆಯ ಡಬ್ಬಿಯಿಂದ ಸುಣ್ಣದಂಥ ಬಿಳಿಯ ಪುಡಿ ಹಾರಿಸುತ್ತಾರೆ. ಒಳಗೆ ಅಡಗಿದ ಕೆಂಪನ್ನು ಆ ಬಿಳುಪು ಹೀರಿ ಮೇಲಕ್ಕೆ ತರುತ್ತದೆ.

ಮೂರು ಚಕ್ರಗಳು ಬೆಳ್ಳಗೇ ಉಳಿದವು. ನಾಲ್ಕನೆಯದು ನನ್ನದು. ಮುಖದ ಮೇಲೆ ಅಲ್ಲೂ ಏನೂ ಕಾಣಲಿಲ್ಲ. ವೃದ್ಧರು ಅದನ್ನು ಮಗುಚಿ, ನಾವಾರೂ ಉಜ್ಜದೆ ಬಿಟ್ಟಿದ್ದ ಹಿಂಭಾಗಕ್ಕೂ ನಟ್ಟಿನ ರಂಧ್ರಗಳ ಒಳಗೋಡೆಗೂ ಪುಡಿ ಹಾರಿಸಿದರು. ನಾವು ನೋಡುತ್ತಿದ್ದಂತೆಯೇ ಒಂದು ರಂಧ್ರದ ಗೋಡೆಯಲ್ಲಿ ಕುಂಕುಮದ ಗೆರೆಯೊಂದು ಎದ್ದಿತು. ಹಿಂಭಾಗದಲ್ಲಿ ಎರಡಂಗುಲ ಓಡಿತು. ಮುಂದೆ, ನನ್ನ ಮೆರುಗು ಆರಂಭವಾಗುವ ಅಂಚಿಗೆ ಬಂದು ನಿಂತಿತು.

‘ಇಲ್ಲಿ ಯಾರಾದರೂ ಗೆರೆ ನೋಡಿದ್ದಿರಾ?’ ಎಂದು ಅವರು ಕೇಳಿದರು. ನನ್ನ ಇಂಗ್ಲಿಷ್ ಆ ಹೊತ್ತಿನಲ್ಲಿ ಕೈಕೊಟ್ಟಿತು. ಮಗನಿಗೆ ಕನ್ನಡದಲ್ಲೇ, ನೋಡಿದ್ದೆ, ಉಜ್ಜಿ ಅಳಿಸಿಬಿಟ್ಟೆ ಎಂದು ಹೇಳಿದೆ. ಅವನು ಅದನ್ನು ಅವರಿಗೆ ಹೇಳಿದ. ಅವರು ನನ್ನನ್ನು ಬೈಯಲಿಲ್ಲ. ಅಲ್ಯೂಮಿನಿಯಂ ಮೆದುವಾದ ಲೋಹ. ಉಜ್ಜಿದಾಗ, ಮೆರುಗು ಕೊಟ್ಟಾಗ, ಅದು ಬೆಣ್ಣೆಯಂತೆ ಸವರಿಕೊಂಡು ಬಿರುಕಿನ ಬಾಯಿಯನ್ನು ಮುಚ್ಚಿಬಿಡುತ್ತದೆ, ಬಿರುಕು ಕೆಳಗೆ ಹಾಗೆಯೇ ಇರುತ್ತದೆ ಎಂದು ವಿವರಿಸಿದರು. ಬಿರುಕಿನ ಕಾರಣವನ್ನೂ ತೋರಿಸಿದರು. ಈ ಚಕ್ರಗಳ ರಂಧ್ರ ನೇರವಾದದ್ದು. ಅದಕ್ಕೆ ಕೊಳವೆಯಂಥ ನೇರ ಕತ್ತಿನ ನಟ್ಟೂ ಕೆಳಗೊಂದು ಚಪ್ಪಟೆ ವಾಷರೂ ಬೇಕು. ಹಿಂದಿನ ಒಡೆಯರಲ್ಲಿ ಯಾರೋ ಉಕ್ಕಿನ ಚಕ್ರದ ಶಂಕುವಿನಾಕಾರದ ನಟ್ಟುಗಳನ್ನೇ ಹಾಕಿ ಬಿಗಿದಿದ್ದರು. ಪ್ರತಿ ಸಲ ಬಿಗಿದಾಗಲೂ ಆ ಶಂಕು ಬೆಣೆಯಂತೆ ರಂಧ್ರವನ್ನು ಸೀಳುತ್ತ ಬಂದಿತ್ತು.

ಬೆಸುಗೆ ಹಾಕಿಸಬಹುದಲ್ಲವೇ ಎಂದು ಮಗ ಕೇಳಿದ. ಅಂಚಿನ ಸಣ್ಣ ಚೂರಿಗಾದರೆ ಸರಿ, ಇಡೀ ಭಾರ ಹೊರುವ ಈ ಜಾಗದಲ್ಲಿ ಬೇಡ. ಬೆಸುಗೆಯ ಕಾವಿಗೆ ಸುತ್ತಲಿನ ಲೋಹ ತನ್ನ ಬಲ ಕಳೆದುಕೊಳ್ಳುತ್ತದೆ ಎಂದರು. ಆಮೇಲೆ, ಹೋಗುವಾಗ, ಅದನ್ನು ಕತ್ತರಿಸಿಬಿಡಿ ಎಂದು ಹೇಳಿ ಹೋದರು. ಹಾಗೆಯೇ ಇಟ್ಟರೆ ಎಂದಾದರೂ ಯಾರಾದರೂ ಅದರ ಹೊಳಪು ನೋಡಿ ಕೊಳ್ಳುತ್ತಾರೆ.

ಆ ರಾತ್ರಿ ಮಗ ಊಟ ಮಾಡುವಾಗ ಮಾತನಾಡಲಿಲ್ಲ. ಮೊಮ್ಮಗಳು, ‘ತಾತ, ನಾನು ಕೂತುಕೊಳ್ಳುವುದು ಆ ಚಕ್ರದ ಮೇಲೇನಾ?’ ಎಂದು ಕೇಳಿದಳು. ಅದು ಹಿಂದಿನ ಬಲಚಕ್ರವಾಗಬೇಕಾಗಿತ್ತು. ಅವಳ ಸೀಟು ಅದರ ಮೇಲೆಯೇ.

ಮರುದಿನ ಬೆಳಿಗ್ಗೆ ನಾನು ಚಕ್ರವನ್ನು ಎರಡೂ ಕೈಯಿಂದ ಅದುಮಿ ಹಿಡಿದುಕೊಂಡೆ. ಮಗ ಗರಗಸ ಹಾಕಿದ. ಬಿರುಕಿದ್ದ ಅರೆಯನ್ನು ತುಂಡರಿಸಿದಾಗ ಒಳಗಿನ ಸೀಳು ಮಸಿಬಣ್ಣದಲ್ಲಿ ಸ್ಪಷ್ಟವಾಗಿ ಕಂಡಿತು, ಹೊಸ ಕಡಿತ ಬೆಳ್ಳಿಯಂತೆ ಹೊಳೆಯುತ್ತಿತ್ತು. ಆ ಶನಿವಾರ ನಮ್ಮ ಜಟ್ಟಿ ಉಕ್ಕಿನ ಹಳೆಯ ಚಕ್ರಗಳ ಮೇಲೆಯೇ ವುಡ್‌ವರ್ಡ್ ಬೀದಿಯಲ್ಲಿ ಹೋಯಿತು. ರಸ್ತೆಬದಿಯ ಕುರ್ಚಿಯಲ್ಲಿದ್ದ ಒಬ್ಬಾತ ಚಕ್ರಗಳನ್ನು ತೋರಿಸಿ, ಕಾರ್ಖಾನೆಯದೇ ಅಲ್ಲವೇ, ಭೇಷ್ ಎಂದು ಕೂಗಿದ. ಮೊಮ್ಮಗಳು ಹಿಂದಿನ ಸೀಟಿನಿಂದ ಕೈಬೀಸಿದಳು.

ನಾನು ಊರಿಗೆ ಮರಳಿದ ಮೇಲೆ, ಮುಂದಿನ ವಸಂತದಲ್ಲಿ, ನೆರೆಯ ಓಹಾಯೋ ರಾಜ್ಯದಲ್ಲಿ ಜೊತೆಗೊಂದು ಚಕ್ರ ಸಿಕ್ಕಿತೆಂದು ಮಗ ಫೋನು ಮಾಡಿದ. ಒಂದು ಚಿತ್ರವನ್ನೂ ಕಳುಹಿಸಿದ. ಅದರಲ್ಲಿ ಆ ಚಕ್ರ ಕಪ್ಪಾಗಿ, ಕೊಳಕಾಗಿಯೇ ಇತ್ತು. ನಟ್ಟಿನ ರಂಧ್ರಗಳ ಸುತ್ತ ಮಾತ್ರ ತೊಳೆದು ಬಿಳಿಯ ಪುಡಿ ಹಾರಿಸಿದ್ದರು. ನಾನು ಭೂತಗನ್ನಡಿ ಹಿಡಿದು ಐದು ರಂಧ್ರಗಳನ್ನೂ ಒಂದೊಂದಾಗಿ ನೋಡಿದೆ. ಎಲ್ಲಿಯೂ ಕೆಂಪಿರಲಿಲ್ಲ. ನೇರ ಕತ್ತಿನ ಹೊಸ ನಟ್ಟುಗಳನ್ನು ಒಂದು ಬಿಟ್ಟು ಒಂದರಂತೆ, ನಕ್ಷತ್ರದ ಗೆರೆ ಎಳೆಯುವ ಕ್ರಮದಲ್ಲಿ ಬಿಗಿದು, ನೂರು ಮೈಲಿ ಓಡಿಸಿದ ಮೇಲೆ ಮತ್ತೆ ಸ್ಪ್ಯಾನರು ಹಿಡಿಯುತ್ತೇನೆ ಎಂದು ಮಗ ಹೇಳಿದ. ನೂರು ಮೈಲಿ ಆಯಿತೇ ಎಂದು ನಾನು ಎರಡು ಸಲ ಫೋನು ಮಾಡಿ ಕೇಳಿದೆ.