ಸಕ್ಕರೆ ಅಚ್ಚು ಮತ್ತು ಪಾಕದ ಹದ



ಡಿಸೆಂಬರ್ ಕೊನೆಯಿಂದ ಸಂಕ್ರಾಂತಿಯವರೆಗಿನ ಮೂರು ವಾರ ನಮ್ಮ ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಕೈಗೆ ಬಿಡುವಿಲ್ಲದ ಕಾಲ. ಬೆಳಿಗ್ಗೆ ಮಂಜು, ಹತ್ತು ಗಂಟೆಯ ಮೇಲೆ ಹಿತವಾದ ಬಿಸಿಲು. ಮಾರುಕಟ್ಟೆಯಲ್ಲಿ ಸೊಗಡಿನ ಅವರೆಕಾಯಿಯ ರಾಶಿ. ರಾತ್ರಿ ನೆನೆಹಾಕಿದ ಕಾಳನ್ನು ಮನೆಮಂದಿಯೆಲ್ಲ ಸುತ್ತ ಕುಳಿತು ಹಿದುಕುವಾಗ ಒಬ್ಬರ ಕೈಯಿಂದ ಚಿಮ್ಮಿದ ಬೇಳೆ ಇನ್ನೊಬ್ಬರ ಮುಖಕ್ಕೆ ತಾಗಿ ನಗು ಏಳುವುದು ನಿಮಗೂ ಗೊತ್ತಿರಬಹುದು. ಆ ಹಿದುಕಿದ ಬೇಳೆಯ ಸಾರಿಗೇ ಬೇರೊಂದು ಭಾಷಣ ಬೇಕು. ಇವತ್ತು ನಾನು ಹೇಳಹೊರಟಿರುವುದು ಎಳ್ಳು ಬೆಲ್ಲದ ಸಂಗತಿ. ಅದರಲ್ಲೂ ಮುಖ್ಯವಾಗಿ, ಅದರ ಜೊತೆಗೆ ತಟ್ಟೆಯಲ್ಲಿ ಕೂರುವ ಸಕ್ಕರೆ ಅಚ್ಚಿನದು.

ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ: ಐದೇ ಪದಾರ್ಥ. ಆದರೆ ಕೆಲಸ ಐದು ದಿನದ್ದು. ಕೊಬ್ಬರಿಯ ಕಂದು ಸಿಪ್ಪೆಯನ್ನು ಹೆರೆದು ತೆಗೆದು, ಬಿಳಿಯ ಭಾಗವನ್ನು ಸಣ್ಣ ಚೂರುಗಳಾಗಿ ಹೆಚ್ಚಬೇಕು. ಬೆಲ್ಲವನ್ನೂ ಅದೇ ಅಳತೆಗೆ ಕತ್ತರಿಸಬೇಕು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರೆ ಐದೂ ಒಟ್ಟಿಗೆ ಬರಬೇಕಲ್ಲವೆ? ಆಮೇಲೆ ಎರಡು ಮೂರು ದಿನ ಬಿಸಿಲು. ಇದು ಬರಿಯ ಶಾಸ್ತ್ರವಲ್ಲ. ಬೆಲ್ಲ ಗಾಳಿಯ ತೇವವನ್ನು ಎಳೆದುಕೊಳ್ಳುವ ವಸ್ತು. ಒಣಗಿಸದೆ ಬೆರೆಸಿದರೆ ಎಲ್ಲವೂ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ, ಕೊಬ್ಬರಿಗೂ ಬೂಷ್ಟು ಹಿಡಿಯುತ್ತದೆ. ಜನವರಿಯ ಒಣಹವೆಯೂ ಬಿಸಿಲೂ ಸೇರಿದಾಗ ಈ ಕೆಲಸ ಸಲೀಸು.

ಇನ್ನು ಸಕ್ಕರೆ ಅಚ್ಚು. ಇದಕ್ಕೆ ಎರಡು ಮೂರು ಹೋಳುಗಳಾಗಿ ಬಿಚ್ಚಿಕೊಳ್ಳುವ ಮರದ ಅಚ್ಚುಗಳಿವೆ. ಆನೆ, ಮೀನು, ಗಿಳಿ, ತುಳಸಿಕಟ್ಟೆ, ಗೋಪುರ, ಹೀಗೆ ನಾನಾ ಆಕಾರ. ಬಹಳಷ್ಟು ಮನೆಗಳಲ್ಲಿ ಅವು ಅಜ್ಜಿಯ ಕಾಲದವು. ವರ್ಷಪೂರ್ತಿ ಅಟ್ಟದಲ್ಲಿದ್ದು ಈಗ ಕೆಳಗಿಳಿಯುತ್ತವೆ. ಹಿಂದಿನ ರಾತ್ರಿಯೇ ಅವನ್ನು ನೀರಿನಲ್ಲಿ ಮುಳುಗಿಸಿಡಬೇಕು. ಒಣಮರವಾದರೆ ಪಾಕವನ್ನು ಹೀರಿ ಹಿಡಿದುಕೊಂಡು ಬಿಡುತ್ತದೆ. ನೆಂದ ಮರಕ್ಕೆ ಪಾಕ ಅಂಟುವುದಿಲ್ಲ.

ಸಕ್ಕರೆಗೆ ನೀರು ಹಾಕಿ ಕುದಿಸುವಾಗ ಸ್ವಲ್ಪ ಹಾಲು ಹಾಕುವುದನ್ನು ನೋಡಿರುತ್ತೀರಿ. ರುಚಿಗಾಗಿ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಹಾಗಲ್ಲ. ಬಿಸಿಗೆ ಹಾಲಿನ ಪ್ರೋಟೀನು ಗಟ್ಟಿಯಾಗಿ, ಸಕ್ಕರೆಯ ಕಸವನ್ನು ತನ್ನೊಡನೆ ಹಿಡಿದು ಮೇಲಕ್ಕೆ ತರುತ್ತದೆ. ಅದನ್ನು ತೆಗೆದು, ತೆಳುಬಟ್ಟೆಯಲ್ಲಿ ಸೋಸಿದರೆ ತಿಳಿಯಾದ ಪಾಕ ಸಿದ್ಧ. ಅದರಿಂದ ಒಂದೆರಡು ಸೌಟಿನಷ್ಟನ್ನು ಮಾತ್ರ ಚಿಕ್ಕ ಪಾತ್ರೆಗೆ ತೆಗೆದು, ಮತ್ತೆ ಕಾಯಿಸಿ, ತಿರುವಿ, ಅಂಚಿನಲ್ಲಿ ಬೆಳ್ಳಗಾಗುತ್ತಿದ್ದಂತೆಯೇ ದಾರ ಬಿಗಿದ ಅಚ್ಚಿಗೆ ಎರೆಯಬೇಕು. ತಡಮಾಡುವಂತಿಲ್ಲ.

ವಿಜ್ಞಾನ ಓದುವವರು ಇಲ್ಲಿ ಸ್ವಲ್ಪ ನಿಲ್ಲಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. 100 ಡಿಗ್ರಿಯಲ್ಲಿ ಸುಮಾರು 480 ಗ್ರಾಂ. ಅಂದರೆ ಕಾದ ಪಾಕ ಆರುತ್ತಿರುವಾಗ, ತಾನು ಹಿಡಿದಿಟ್ಟುಕೊಳ್ಳಲಾರದಷ್ಟು ಸಕ್ಕರೆ ಅದರಲ್ಲಿರುತ್ತದೆ. ಇದೇ ನಿಮ್ಮ ಪುಸ್ತಕದ ಅತಿಪರ್ಯಾಪ್ತ ದ್ರಾವಣ. ಜೋರಾಗಿ ತಿರುವಿದಾಗ ಒಮ್ಮೆಲೇ ಅಸಂಖ್ಯಾತ ಸೂಕ್ಷ್ಮ ಹರಳುಗಳು ಹುಟ್ಟುತ್ತವೆ. ಆ ಬೆಳ್ಳಗಿನ ನುಣುಪು ಅವುಗಳದೇ. ತಿರುವದೆ ಬಿಟ್ಟರೆ ಕೆಲವೇ ಹರಳು ಹುಟ್ಟಿ, ಅವೇ ದಪ್ಪವಾಗಿ ಬೆಳೆದು ಕಲ್ಲುಸಕ್ಕರೆಯಂತಾಗುತ್ತದೆ. ಬಿಳುಪಿಗೆಂದು ಹಿಂಡುವ ನಿಂಬೆರಸ ಹೆಚ್ಚಾದರೆ ಸಕ್ಕರೆಯ ಒಂದು ಭಾಗ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದು, ಎಷ್ಟು ಹೊತ್ತಾದರೂ ಗಟ್ಟಿಯಾಗದ ಅಂಟು ಉಳಿಯುತ್ತದೆ.

ಇಷ್ಟೆಲ್ಲ ವಿವರಿಸುವ ನಾನು ಮೊದಲ ಸಲ ಮಾಡಿದ್ದು ಸಂಪೂರ್ಣ ಹಾಳು. ನಮ್ಮ ತಾಯಿ ತೀರಿಕೊಂಡ ಮರುವರ್ಷ ಅಚ್ಚುಗಳನ್ನು ನಾನೇ ಇಳಿಸಿದೆ. ಅವರ ಅಡಿಗೆಯ ನೋಟುಪುಸ್ತಕ ಇತ್ತು, ಧೈರ್ಯವೂ ಇತ್ತು. ಸಕ್ಕರೆಯ ಅಳತೆ, ನೀರು ಮುಳುಗುವಷ್ಟು, ಹಾಲು ಸ್ವಲ್ಪ, ಆಮೇಲೆ ಒಂದೇ ಸಾಲು: ಹದ ಬಂದಾಗ ಎರೆಯುವುದು. ಯಾವ ಹದ? ಪುಸ್ತಕ ತಿರುವಿ ಹಾಕಿದರೂ ಅಷ್ಟೇ. ಮೊದಲ ಸಲ ಆನೆ ಕರಗಿ ಅಂಟಾಯಿತು, ಎರಡನೆಯ ಸಲ ಪಾಕ ಪಾತ್ರೆಯಲ್ಲೇ ಕಲ್ಲಾಯಿತು. ಇಪ್ಪತ್ತು ವರ್ಷ ಅವರ ಪಕ್ಕದಲ್ಲೇ ಇದ್ದೆ. ಅಚ್ಚು ಬಿಚ್ಚುವಾಗ ಮಾತ್ರ ಅಡಿಗೆಮನೆಗೆ ಓಡಿಬರುತ್ತಿದ್ದೆ, ಪಾಕ ಕಾಯುವಾಗ ಒಂದು ದಿನವೂ ನಿಂತವಳಲ್ಲ. ಕೊನೆಗೆ ಪಕ್ಕದ ಮನೆಯ ಅಜ್ಜಿ ಬಂದು ನನ್ನ ಕೈ ಹಿಡಿದು ತಿರುವಿಸಿದರು. "ಸೌಟು ಭಾರ ಆಯ್ತಾ ನೋಡಮ್ಮ? ಹ್ಞಾಂ, ಈಗ ಇಳಿಸು," ಅಂದರು. ಆ ಭಾರ ಎಷ್ಟೆಂದು ಇವತ್ತಿಗೂ ನನಗೆ ಬರೆಯಲು ಬಾರದು. ನಮ್ಮ ತಾಯಿಗೂ ಬಂದಿರಲಿಲ್ಲ, ಅಷ್ಟೆ.

ಉತ್ತರ ಕರ್ನಾಟಕದ ನಿಮ್ಮ ಗೆಳತಿಯರನ್ನು ಕೇಳಿದರೆ ಕುಸುರೆಳ್ಳಿನ ವಿಷಯ ಹೇಳಿಯಾರು. ಅಗಲ ಪಾತ್ರೆಯಲ್ಲಿ ಎಳ್ಳು, ಕೆಳಗೆ ಸಣ್ಣ ಉರಿ. ಚಮಚ ಚಮಚವಾಗಿ ಪಾಕ ಹಾಕುತ್ತ ಬೆರಳಿನಿಂದ ಆಡಿಸುತ್ತಲೇ ಇದ್ದರೆ ಒಂದೊಂದು ಎಳ್ಳಿನ ಮೈಮೇಲೂ ಬಿಳಿಯ ಮುಳ್ಳು ಏಳುತ್ತದೆ. ಚಳಿ ಇದ್ದಷ್ಟೂ ಮುಳ್ಳು ಚೆನ್ನ ಎನ್ನುತ್ತಾರೆ. ಅಲ್ಲಿಯೂ ಹದ ಇರುವುದು ಬೆರಳ ತುದಿಯಲ್ಲೇ.

ಈಗ ಎಲ್ಲವೂ ಪೊಟ್ಟಣದಲ್ಲಿ ಸಿಗುತ್ತದೆ. ಕೊಳ್ಳುವವರನ್ನು ನಾನು ದೂರುವುದಿಲ್ಲ. ಕೆಲಸಕ್ಕೆ ಹೋಗುವ ತಾಯಂದಿರಿಗೆ ಐದು ದಿನ ಎಲ್ಲಿಂದ ಬರಬೇಕು, ಬಿಸಿಲೇ ಇಲ್ಲದ ಫ್ಲ್ಯಾಟಿನಲ್ಲಿ ಕೊಬ್ಬರಿ ಎಲ್ಲಿ ಒಣಗಬೇಕು? ಆದರೆ ನಿಮಗೆ ರಜೆ ಇದೆ. ಅಜ್ಜಿ ಇದ್ದರೆ, ಈ ಸಲ ಕಾಲು ಕಿಲೋ ಸಕ್ಕರೆ ಸಾಕು, ಅವರ ಪಕ್ಕ ನಿಲ್ಲಿ. ಹುಡುಗರೂ ನಿಲ್ಲಿ, ಪಾಕ ತಿರುವಲು ತೋಳಿನ ಬಲ ಬೇಕು. ಮೊಬೈಲಿನಲ್ಲಿ ಚಿತ್ರ ತೆಗೆದರೆ ತೆಗೆಯಿರಿ, ಆದರೆ ಸೌಟಿನ ಭಾರ ಅದರಲ್ಲಿ ಮೂಡುವುದಿಲ್ಲ. ಸೌಟನ್ನು ಒಮ್ಮೆ ಕೈಗೆ ಇಸಿದುಕೊಳ್ಳಿ. ಕಾದ ಪಾಕ ಕುದಿಯುವ ನೀರಿಗಿಂತ ಬಿಸಿ, ಚರ್ಮಕ್ಕೆ ಅಂಟಿಕೊಳ್ಳುತ್ತದೆ. ದೊಡ್ಡವರು ಇಲ್ಲದೆ ಒಲೆ ಹಚ್ಚಬೇಡಿ.

ಕೆಲಸ ಮುಗಿದ ಮೇಲೆ ಅಚ್ಚುಗಳನ್ನು ಬಿಸಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಜೋಡಿ ತಪ್ಪದಂತೆ ದಾರ ಕಟ್ಟಿ ಎತ್ತಿಡಿ. ಸೊಂಡಿಲು ಮುರಿದ ಆನೆ, ಕೊಕ್ಕಿಲ್ಲದ ಗಿಳಿ ತಟ್ಟೆಗೆ ಹೋಗುವಂತಿಲ್ಲ. ಅವು ಪಾಕ ತಿರುವಿದವರ ಪಾಲು.