ಹಳೆಯ ಭಾವಚಿತ್ರಗಳಲ್ಲಿಯ ಅಜ್ಞಾತರು
(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಈ ಮಹೋತ್ಸವದ ನಿಮಿತ್ತವಾಗಿ ಭಕ್ತರ ಮನೆಗಳಲ್ಲಿಯ ಹಳೆಯ ಭಾವಚಿತ್ರಗಳನ್ನು ಕೂಡಿಸಿ ಶ್ರೀಮಠದ ಪಡಸಾಲೆಯಲ್ಲಿ ಇಟ್ಟಿರುವದನ್ನು ತಾವೆಲ್ಲರೂ ನೋಡಿರುವಿರಿ. ಅವುಗಳಲ್ಲಿ ಹೆಸರು ಗೊತ್ತಿದ್ದವರಿಗಿಂತ ಗೊತ್ತಿಲ್ಲದವರೇ ಹೆಚ್ಚು. “ಇವರು ಯಾರು?” ಎಂದರೆ, “ನಮ್ಮ ಹಿರಿಯರೇ ಸರಿ, ಆದರೆ ಯಾರೆಂಬುದು ತಿಳಿಯದು” ಎಂಬುದೇ ಬಹುಜನರ ಉತ್ತರ. ಈ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ನಾನು ಪಂಡಿತನಲ್ಲ; ನಾನು ಮಾಡಿದ ಒಂದು ತಪ್ಪನ್ನೇ ತಮ್ಮ ಮುಂದಿಡುವೆನು.

ನಮ್ಮ ಮನೆಯಲ್ಲಿ ಒಂದು ದೊಡ್ಡ ಚಿತ್ರವುಂಟು. ನಟ್ಟನಡುವೆ ಮುತ್ತಜ್ಜನವರು ಹೂಮಾಲೆಗಳಲ್ಲಿ ಮುಳುಗಿ ಕುಳಿತಿರುವರು. ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಬೆಳ್ಳಿಯ ಕರಡಿಗೆ. ಸುತ್ತಲೂ ಮಕ್ಕಳು ಮರಿಗಳು. ಎಡದ ಅಂಚಿನಲ್ಲಿ ಸೆರಗು ಹೊದ್ದ ಒಬ್ಬ ಹುಡುಗಿ. ಇದು ಯಾವದೋ ಸತ್ಕಾರದ ಚಿತ್ರವೆಂದು ನಾವು ನಂಬಿದ್ದೆವು. ಒಮ್ಮೆ ನಮ್ಮ ಸೋದರತ್ತೆಯವರು ಅದನ್ನು ನೋಡಿ, “ತಮ್ಮಾ, ಕಣ್ಣು ನೋಡು, ಮುಚ್ಚ್ಯಾವ. ಹಿರಿಯರು ಲಿಂಗೈಕ್ಯರಾದ ದಿವಸ ತೆಗಿಸಿದ್ದಿದು” ಎಂದರು. ಲಿಂಗೈಕ್ಯರಾದವರನ್ನು ಕುಳ್ಳಿರಿಸಿ ಶೃಂಗರಿಸುವದು ನಮ್ಮಲ್ಲಿಯ ಪದ್ಧತಿ. ಎಷ್ಟೋ ಮನೆಗಳಲ್ಲಿ ಹಿರಿಯರ ಮೊದಲನೆಯ ಚಿತ್ರವೂ ಅದೇ, ಕಡೆಯದೂ ಅದೇ. ಅಂದಮೇಲೆ ಇಂಥ ಚಿತ್ರದ ತಿಥಿಯೇ ಮರಣದ ತಿಥಿ. ಆ ಹುಡುಗಿ ಯಾರೆಂದು ಆ ದಿವಸ ನಾನು ಕೇಳಲಿಲ್ಲ. ಮುಂದಿನ ಸಲ ಕೇಳಿದರಾಯಿತೆಂದುಕೊಂಡೆನು. ಆ ಮುಂದಿನ ಸಲ ಬರಲೇ ಇಲ್ಲ, ಅತ್ತೆಯವರೂ ಲಿಂಗೈಕ್ಯರಾದರು.

ಬಳಿಕ ಹೊಲದ ವಾರಸಾ ದಾಖಲೆಯನ್ನು ತೆಗೆಸಿದೆನು. ಮುತ್ತಜ್ಜನವರು ತೀರಿಕೊಂಡ ಇಸವಿ ಸಿಕ್ಕಿತು, ಮೂವರು ಗಂಡುಮಕ್ಕಳ ಹೆಸರುಗಳೂ ಸಿಕ್ಕವು. ಮನೆತನಗಳ ವಂಶಾವಳಿಯನ್ನು ತಲೆತಲಾಂತರದಿಂದ ಕಾಯ್ದುಕೊಂಡು ಬಂದಿರುವ ಹೆಳವರು ಬಂದಾಗ ಕೇಳಿದೆನು. ಅವರೂ ಆ ಮೂವರನ್ನೇ ಹೇಳಿದರು. ಹುಡುಗಿಯ ಹೆಸರು ಎಲ್ಲಿಯೂ ಇಲ್ಲ. ತಂದೆಯ ಆಸ್ತಿಯಲ್ಲಿ ಮಗನೊಡನೆ ಮಗಳೂ ವಾರಸುದಾರಳೆಂದು ಕಾಯದೆಯಾದದ್ದು 1956ರಲ್ಲಿ. ಅದಕ್ಕೂ ಮೊದಲಿನ ವಾರಸಾ ದಾಖಲೆಗಳಲ್ಲಿ, ಗಂಡುಮಕ್ಕಳಿರುವಾಗ, ಹೆಣ್ಣುಮಕ್ಕಳನ್ನು ಹುಡುಕಿದರೆ ಕಾಣುವದು ವಿರಳ. ಹೀಗೆ ತರ್ಕಿಸಿ, ಇವಳು ಅಜ್ಜನವರ ತಂಗಿಯೇ ಇರಬೇಕೆಂದು ನಿಶ್ಚಯಿಸಿ, ಚಿತ್ರದ ಕೆಳಗೆ ಶಾಯಿಯಿಂದ ಹಾಗೆಯೇ ಬರೆದು, ಪ್ರತಿ ಮಾಡಿಸಿ ಬಂಧುಬಳಗಕ್ಕೆಲ್ಲ ಹಂಚಿದೆನು.

ಕೆಲವು ವರ್ಷಗಳ ಮೇಲೆ ಜಾತ್ರೆಗೆ ಬಂದ ಪರಊರಿನ ಒಬ್ಬ ವೃದ್ಧೆಯು ನಮ್ಮ ಮನೆಯ ಆ ಚಿತ್ರದ ಮುಂದೆ ನಿಂತು ಕಣ್ಣೀರಿಟ್ಟಳು. ಅದೇ ಚಿತ್ರದ ಮತ್ತೊಂದು ಪ್ರತಿ ಅವಳ ತವರಿನಲ್ಲಿಯೂ ಇದ್ದಿತು. ಅದರ ಬೆನ್ನಿಗೆ ಸೀಸಕಡ್ಡಿಯಿಂದ ಆ ಹುಡುಗಿಯ ಹೆಸರು. ಹೆಸರಿನ ಮುಂದೆ ನಮ್ಮ ಅಜ್ಜನ ಹೆಸರು. ಅವಳು ಅಜ್ಜನ ತಂಗಿಯಲ್ಲ, ಮೊದಲನೆಯ ಹೆಂಡತಿ. ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡವಳು. ನಮ್ಮ ಅಜ್ಜಿಯು ಎರಡನೆಯವಳೆಂಬ ಸಂಗತಿಯನ್ನು ನಮ್ಮ ಮನೆಯಲ್ಲಿ ಯಾರೂ ನಮಗೆ ಹೇಳಿರಲಿಲ್ಲ. ಸಾವು ಒಮ್ಮೆ ಅಳಿಸಿದವಳನ್ನು ನನ್ನ ಶಾಯಿಯು ಎರಡನೆಯ ಸಲ ಅಳಿಸಿತ್ತು.

ಅಂದಿನಿಂದ ನಾನು ಕಲಿತದ್ದಿಷ್ಟು. ಛಾಯಾಚಿತ್ರಗಾರನು ಒಂದೇ ಗಾಜಿನ ಫಲಕದಿಂದ ಹಲವು ಪ್ರತಿಗಳನ್ನು ತೆಗೆದುಕೊಡುತ್ತಿದ್ದನು. ನಮ್ಮಲ್ಲಿಯ ಪ್ರತಿ ಮೂಕವಾಗಿದ್ದರೆ ಬೀಗರ ಮನೆಯಲ್ಲಿಯದು ಮಾತನಾಡೀತು. ಹೆಣ್ಣುಮಕ್ಕಳ ಹೆಸರನ್ನಂತೂ ಅವರ ತವರಿನಲ್ಲಿಯೇ ಹುಡುಕತಕ್ಕದ್ದು. ರಟ್ಟಿನ ಮೇಲಿನ ಅಂಗಡಿಯ ಹೆಸರನ್ನೂ ಊರನ್ನೂ ಓದಿರಿ. ಉಡಿಗೆತೊಡಿಗೆಯನ್ನು ನೋಡಿರಿ, ಆದರೆ ಪೂರ್ಣವಾಗಿ ನಂಬಬೇಡಿರಿ. ಕೋಟು, ಗಡಿಯಾರಗಳನ್ನು ಚಿತ್ರಕ್ಕೆಂದೇ ಎರವು ತಂದು ತೊಡುವದಿತ್ತು. ಈಗಿನ ಗಣಕಯಂತ್ರಗಳು ಮುಖಕ್ಕೆ ಮುಖವನ್ನು ಹೋಲಿಸಿ ತೋರಿಸುವವು; ಆದರೆ ಅಕ್ಕತಂಗಿಯರ ಹೋಲಿಕೆಯಲ್ಲಿ ಅವೂ ಮೋಸಹೋಗುವವು. ಹಿರಿಯರನ್ನು ಒಬ್ಬೊಬ್ಬರನ್ನಾಗಿ ಕೇಳಿರಿ. ಒಬ್ಬರ ಮಾತನ್ನು ಕೇಳಿ ಮತ್ತೊಬ್ಬರು ಹೌದೆನ್ನುವದು ಸಾಕ್ಷಿಯಲ್ಲ. “ಇವರು ಇಂಥವರಲ್ಲವೇ?” ಎಂದು ಹೆಸರನ್ನು ಬಾಯಿಗಿಡಬೇಡಿರಿ, “ಇವರು ಯಾರು?” ಎಂದಷ್ಟೇ ಕೇಳಿರಿ.

ಗಾಜಿಗೆ ಅಂಟಿಕೊಂಡ ಚಿತ್ರವನ್ನು ಕೀಳಬೇಡಿರಿ. ಬರೆಯುವದಾದರೆ ಹಿಂಬದಿಯ ಅಂಚಿನಲ್ಲಿ ಮೆತ್ತನ್ನ ಸೀಸಕಡ್ಡಿಯಿಂದ, ಒತ್ತದೆ ಬರೆಯಿರಿ. ಬರಿದೆ ‘ಅಜ್ಜ’ ಎಂದರೆ ಸಾಲದು. ಯಾರ ಅಜ್ಜನೆಂಬುದು ಮೊಮ್ಮಕ್ಕಳಿಗೆ ತಿಳಿಯಬೇಕು. ಕಂಡದ್ದನ್ನು ಕಂಡದ್ದೆಂದೂ, ಕೇಳಿದ್ದನ್ನು ಇಂಥವರಿಂದ ಕೇಳಿದ್ದೆಂದೂ, ಊಹೆಯನ್ನು ಊಹೆಯೆಂದೂ ಬೇರೆಬೇರೆಯಾಗಿ ಬರೆಯಿರಿ. ಗೊತ್ತಿಲ್ಲದ ಕಡೆ ಸ್ಥಳವನ್ನು ಬರಿದಾಗಿ ಬಿಡಿರಿ. ಬರಿದಾದ ಸ್ಥಳವನ್ನು ಮುಂದಿನವರು ತುಂಬಿಯಾರು. ತಪ್ಪು ಹೆಸರಿದ್ದರೆ ಹುಡುಕುವದನ್ನೇ ಬಿಟ್ಟಾರು.

ಬಂಧುಗಳೇ, ಪಡಸಾಲೆಯಲ್ಲಿಯ ಚಿತ್ರಗಳು ನಾಳೆಯವರೆಗೂ ಇರುವವು. ತಮ್ಮ ಮನೆಯ ಮುಪ್ಪಿನವರನ್ನು ಕೈಹಿಡಿದು ಕರೆತನ್ನಿರಿ. ನಡೆಯಲಾರದವರಿದ್ದರೆ ಚಿತ್ರವನ್ನೇ ಅವರ ಬಳಿಗೆ ಒಯ್ಯಿರಿ. ನಾನು ಮುಂದೂಡಿದಂತೆ ತಾವು ಮುಂದೂಡಬೇಡಿರಿ. ನಮ್ಮ ಮನೆಯ ಚಿತ್ರದ ಕೆಳಗೆ ಈಗ ಆ ತಾಯಿಯ ನಿಜವಾದ ಹೆಸರಿದೆ. ಪ್ರತಿ ಪಡೆದ ಮನೆಗಳಿಗೆಲ್ಲ ಹೋಗಿ ತಿದ್ದಿಬಂದಿರುವೆನು. ಇನ್ನೆರಡು ಮನೆಗಳು ಉಳಿದಿವೆ.