ಬಿಸಿಲಿನ ದಾರಿಯ ನಲ್ಲಿಗಳು



ಬೆಳಗಾಗುವುದು ನಮಗೆ ಒಂದು ಸುದ್ದಿಯೇ ಅಲ್ಲ. ಡಿಸೆಂಬರಿನ ಅತಿ ಚಿಕ್ಕ ದಿನದಲ್ಲೂ ಬೆಂಗಳೂರಿಗೆ ಹನ್ನೊಂದು ಗಂಟೆ ಮೀರಿದ ಹಗಲು ಸಿಗುತ್ತದೆ. ಅದೇ ದಿನ ಲಂಡನ್ನಿನಲ್ಲಿ ಸೂರ್ಯ ಮೂಡುವಾಗ ಗಂಟೆ ಎಂಟು ದಾಟಿರುತ್ತದೆ. ನಾಲ್ಕು ಹೊಡೆಯುವ ಮೊದಲೇ ಮುಳುಗಿರುತ್ತಾನೆ. ನಡುವಿನ ಆ ಹಗಲೂ ಎಷ್ಟೋ ದಿನ ಮೋಡದ ಪಾಲು. ಬೆಳಕು ಕಡಿಮೆಯಾದ ತಿಂಗಳುಗಳಲ್ಲಿ ಮನಸ್ಸು ಕುಗ್ಗಿಹೋಗುವ ಕಾಯಿಲೆಯನ್ನು 1984ರಲ್ಲಿ ನಾರ್ಮನ್ ರೋಸೆಂತಾಲ್ ಮತ್ತು ಅವರ ಜೊತೆಗಾರ ವೈದ್ಯರು ಮೊದಲ ಬಾರಿಗೆ ವಿವರವಾಗಿ ಬರೆದರು. ಹಾಗಾಗಿ ಬಿಸಿಲನ್ನು ಹುಡುಕಿಕೊಂಡು ಹೊರಡುವವರನ್ನು ಶೋಕಿಯವರು ಎಂದು ನಾನು ಅನ್ನಲಾರೆ. ಎಪ್ಪತ್ತು ದಾಟಿದವರ ಮನಸ್ಸಿನ ಭಾರಕ್ಕೆ ಅದು ಔಷಧಿಯೇ.

ಬ್ರಿಟನ್, ಹಾಲೆಂಡ್, ಜರ್ಮನಿಗಳಿಂದ ಪ್ರತಿ ಚಳಿಗಾಲ ಸಾವಿರಾರು ನಿವೃತ್ತರು ಮೋಟರ್‌ಹೋಮ್ ಹತ್ತಿ ದಕ್ಷಿಣಕ್ಕೆ ಹೊರಡುತ್ತಾರೆ. ಅಡುಗೆಮನೆ, ಹಾಸಿಗೆ, ಶೌಚ, ಹೀಟರು ಎಲ್ಲವೂ ಒಂದೇ ವಾಹನದೊಳಗೆ. ಇಂಗ್ಲೆಂಡಿನವರು ಡೋವರಿನಿಂದ ಹಡಗಿನಲ್ಲೋ, ಕಡಲಡಿಯ ಸುರಂಗದ ರೈಲಿನಲ್ಲೋ ಫ್ರಾನ್ಸಿನ ಕಲೆ ಊರಿನ ಬಳಿ ಇಳಿಯುತ್ತಾರೆ. ಅಲ್ಲಿಂದ ಸ್ಪೇನಿನ ಆಗ್ನೇಯ ಮೂಲೆಯ ಅಲ್ಮೇರಿಯಾಕ್ಕೆ 2,000 ಕಿಲೋಮೀಟರಿಗೂ ಮಿಕ್ಕಿದ ದಾರಿ. ವಿಮಾನಕ್ಕೆ ಮೂರು ಗಂಟೆಯ ಕೆಲಸ. ಇವರು ವಾರವೋ, ಎರಡು ವಾರವೋ ತೆಗೆದುಕೊಳ್ಳುತ್ತಾರೆ.

ಈ ದಾರಿಯಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚುವುದು ಫ್ರಾನ್ಸಿನ ಭಾಗ. ಬಿಸಿಲಿಗೆಂದು ಹೊರಟವರು ಮೊದಲು ದಾಟಬೇಕಾದದ್ದು ಚಳಿಯನ್ನೇ. ಕ್ಲೆರ್ಮೋಂ ಫೆರಾಂ ಊರಿನಿಂದ ದಕ್ಷಿಣಕ್ಕೆ ಹೋಗುವ ಎ–75 ಹೆದ್ದಾರಿ 1,100 ಮೀಟರಿಗೂ ಎತ್ತರಕ್ಕೆ ಏರುತ್ತದೆ. ಬಹುಪಾಲು ಟೋಲ್ ಇಲ್ಲದ ದಾರಿ, ಆದ್ದರಿಂದ ಪಿಂಚಣಿಯವರಿಗೆ ಅದೇ ಇಷ್ಟ. ಆದರೆ ಹಿಮ ಬಿದ್ದರೆ ಅಲ್ಲೇ ನಿಲ್ಲಬೇಕು. 2021ರ ನವೆಂಬರಿನಿಂದ ಫ್ರಾನ್ಸಿನ ಗುರುತಿಸಿದ ಬೆಟ್ಟದ ಸೀಮೆಗಳಲ್ಲಿ ನವೆಂಬರಿಂದ ಮಾರ್ಚ್ ಕೊನೆಯವರೆಗೆ ಚಳಿಗಾಲದ ಟೈರು ಇರಬೇಕು, ಇಲ್ಲವೇ ಚಕ್ರಕ್ಕೆ ಕಟ್ಟುವ ಸರಪಳಿ ಜೊತೆಗಿರಬೇಕು.

ಇನ್ನು ಗಾಡಿಯೊಳಗಿನ ಸಂಸಾರ. ಸಿಲಿಂಡರಿನಲ್ಲಿ ಬ್ಯೂಟೇನ್ ಇದ್ದರೆ ಸೊನ್ನೆ ಡಿಗ್ರಿಯ ಸುತ್ತ ಅದು ಅನಿಲವಾಗುವುದನ್ನೇ ನಿಲ್ಲಿಸುತ್ತದೆ. ಸಿಲಿಂಡರು ತುಂಬಿದ್ದರೂ ಒಲೆ ಹೊತ್ತುವುದಿಲ್ಲ. ಅದಕ್ಕೇ ಬಲ್ಲವರು ಪ್ರೊಪೇನ್ ತುಂಬಿಸಿಕೊಂಡು ಹೊರಡುತ್ತಾರೆ, ಅದು ಮೈನಸ್ 42ರವರೆಗೂ ಕೈಬಿಡುವುದಿಲ್ಲ. ನೀರಿನದು ಇನ್ನೊಂದು ಕಥೆ. ಬಾಯ್ಲರಿನಲ್ಲಿ ಒಂದು ಪುಟ್ಟ ಕವಾಟ ಇರುತ್ತದೆ. ಚಳಿ 3 ಡಿಗ್ರಿಯ ಹತ್ತಿರ ಬಂತೆಂದರೆ, ನೀರು ಹೆಪ್ಪುಗಟ್ಟಿ ಬಾಯ್ಲರು ಒಡೆಯದಿರಲೆಂದು, ಅದು ತಾನಾಗಿ ತೆರೆದುಕೊಂಡು ಒಳಗಿನ ನೀರನ್ನೆಲ್ಲ ನೆಲಕ್ಕೆ ಬಿಟ್ಟುಬಿಡುತ್ತದೆ. ನಮ್ಮ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರು ನೀರು ಕೊಡಬೇಕೆಂಬುದು ಸರ್ಕಾರದ ಲೆಕ್ಕ. ಮೋಟರ್‌ಹೋಮಿನ ಗಂಡ ಹೆಂಡತಿ ನೂರು ಲೀಟರಿನ ಟ್ಯಾಂಕಿನಲ್ಲಿ ಮೂರು ದಿನ ಬಾಳುವುದನ್ನು ಕಲಿತಿರುತ್ತಾರೆ. ಅದರಲ್ಲೂ ಹತ್ತು ಲೀಟರಿನಷ್ಟು ಹೀಗೆ ಹೋದರೆ, ಹೊತ್ತು ಮೂಡುವ ಮೊದಲೇ ನಲ್ಲಿಯ ಚಿಂತೆ.

ಆ ಚಿಂತೆಗೆ ಫ್ರಾನ್ಸ್ ಬಹಳ ಹಿಂದೆಯೇ ಒಂದು ಉತ್ತರ ಕಂಡುಕೊಂಡಿದೆ. ಅಲ್ಲಿನ ಸಾವಿರಾರು ಊರುಗಳಲ್ಲಿ, ಕೆಲವು ನೂರು ಜನರ ಹಳ್ಳಿಗಳಲ್ಲಿಯೂ, ಪಂಚಾಯಿತಿಯೇ ಮೋಟರ್‌ಹೋಮುಗಳಿಗೆಂದು ಒಂದು ಜಾಗ ಬಿಟ್ಟಿರುತ್ತದೆ. ಏರ್ ಎಂದು ಅದರ ಹೆಸರು. ಕುಡಿಯುವ ನೀರಿನ ನಲ್ಲಿ, ಬಳಸಿದ ನೀರು ಬಿಡಲು ಮೋರಿ, ಶೌಚದ ಪೆಟ್ಟಿಗೆ ಖಾಲಿ ಮಾಡಲು ಗುಂಡಿ, ರಾತ್ರಿ ನಿಲ್ಲಲು ನಾಲ್ಕೈದು ಗಾಡಿಗಳ ಜಾಗ. ಎಷ್ಟೋ ಕಡೆ ದುಡ್ಡಿಲ್ಲ, ಇದ್ದರೂ ಅಲ್ಪ. ಯಾರು, ಎಲ್ಲಿಂದ ಬಂದಿರಿ, ಏಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ನಮ್ಮ ಹಿರಿಯರು ದಾರಿಬದಿಯಲ್ಲಿ ಇಡಿಸುತ್ತಿದ್ದ ಅರವಟ್ಟಿಗೆಯ ಹಾಗೆ. ಫ್ರಾನ್ಸಿನವರದು ಬರಿಯ ಧರ್ಮಬುದ್ಧಿ ಅಲ್ಲ, ನಿಜ. ರಾತ್ರಿ ತಂಗಿದವನು ಬೆಳಿಗ್ಗೆ ಊರಿನ ಬೇಕರಿಯಲ್ಲಿ ರೊಟ್ಟಿ ಕೊಳ್ಳುತ್ತಾನೆ. ಇರುವ ಒಂದೇ ಅಂಗಡಿ ಮುಚ್ಚದೆ ಉಳಿಯುತ್ತದೆ. ಒಳ್ಳೆಯ ಕೆಲಸದಲ್ಲಿ ಇಬ್ಬರಿಗೂ ಲಾಭ ಇದ್ದರೆ ಅದರ ಒಳ್ಳೆಯತನ ಕಡಿಮೆಯಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಅಲ್ಲಿ ಫ್ರಾನ್ಸ್ ಪ್ಯಾಸಿಯೋಂ ಎಂಬ ಇನ್ನೊಂದು ಏರ್ಪಾಟೂ ಇದೆ. ವರ್ಷಕ್ಕೊಮ್ಮೆ ಸದಸ್ಯತ್ವದ ಹಣ ಕೊಟ್ಟವರಿಗೆ ದ್ರಾಕ್ಷಿ ತೋಟದವರು, ಚೀಸ್ ಮಾಡುವವರು, ರೈತರು ತಮ್ಮ ಅಂಗಳದಲ್ಲಿ ಒಂದು ದಿನ ಬಿಟ್ಟಿಯಾಗಿ ನಿಲ್ಲಲು ಬಿಡುತ್ತಾರೆ. ಏನೂ ಕೊಳ್ಳಲೇಬೇಕೆಂದಿಲ್ಲ. ಬಂದಾಗ ಮನೆಯವರನ್ನು ಮಾತಾಡಿಸಬೇಕು, ಹೊರಡುವಾಗ ಹೇಳಿ ಹೋಗಬೇಕು. ಈ ಮರ್ಯಾದೆಯನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಚಳಿಗಾಲದಲ್ಲಿ ಮಾತ್ರ ಒಂದು ತೊಡಕು. ಹೆಪ್ಪುಗಟ್ಟುವ ಭಯಕ್ಕೆ ಎಷ್ಟೋ ಊರುಗಳು ನಲ್ಲಿಯನ್ನೇ ಬಂದ್ ಮಾಡುತ್ತವೆ. ಆಗ ಹಳಬರು ಹೊಸಬರಿಗೆ ತೆರೆದಿರುವ ನಲ್ಲಿ ಎಲ್ಲಿದೆ ಎಂದು ಹೇಳಿಕೊಡುತ್ತಾರೆ. ಭಾಷೆ ಬಾರದ ಜರ್ಮನ್ನನೂ ಇಂಗ್ಲಿಷಿನವನೂ ಸನ್ನೆಯಲ್ಲೇ ಒಬ್ಬರಿಗೊಬ್ಬರು ನೀರಿನ ದಾರಿ ತೋರಿಸುತ್ತಾರೆ.

ಎ–75ರಲ್ಲೇ ಮುಂದೆ ಹೋದರೆ ಮಿಯೊ ಊರಿನ ಬಳಿ ಟಾರ್ನ್ ನದಿಯ ಕಣಿವೆಗೆ 2004ರಲ್ಲಿ ತೆರೆದ ಸೇತುವೆ ಸಿಗುತ್ತದೆ. ಅದರ ತುದಿ 330 ಮೀಟರಿಗೂ ಹೆಚ್ಚು ಎತ್ತರ. ಅಲ್ಲಿಂದ ಇನ್ನಷ್ಟು ಮುಂದೆ ಹೋದ ಮೇಲೆ ದಾರಿ ಇಳಿಯುತ್ತದೆ. ಬೆಜಿಯೇ ಊರು ಬರುವ ಹೊತ್ತಿಗೆ ಆಲಿವ್ ಮರ, ಪರ್ಪಿನ್ಯಾನ್ ಊರಿನ ಸುತ್ತ ತ್ರಮೊಂತಾನ್ ಎಂಬ ಬಿರುಗಾಳಿ. ಎತ್ತರದ ಈ ಗಾಡಿಗಳನ್ನು ಅದು ಪಕ್ಕಕ್ಕೆ ತಳ್ಳುವಂತೆ ಬೀಸುತ್ತದೆ. ಗಡಿ ದಾಟಿ, ವಲೆನ್ಸಿಯಾದಲ್ಲಿ ಕಿತ್ತಳೆ ಕೊಯ್ಲು, ಜನವರಿಯ ಕೊನೆಗೆ ಅಲಿಕಾಂತೆಯ ಕಣಿವೆಗಳಲ್ಲಿ ಬಾದಾಮಿಯ ಹೂವು. ಕೊನೆಗೆ ಅಲ್ಮೇರಿಯಾ. ನಡುಚಳಿಯಲ್ಲೂ ಒಂಬತ್ತೂವರೆ ಗಂಟೆಯ ಹಗಲು, ಮಧ್ಯಾಹ್ನ 16, 17 ಡಿಗ್ರಿ. ಕಾಬೊ ದೆ ಗಾತಾ ಕಡಲ ತೀರದ ಹತ್ತಿರ ಕುರ್ಚಿ ಹಾಕಿಕೊಂಡು ಮುದುಕರು ಮುಖಕ್ಕೆ ಬಿಸಿಲು ಕಾಯಿಸುತ್ತಾರೆ. ಆ ಸುಖ ಅವರಿಗೆ ಸಲ್ಲಬೇಕಾದದ್ದೇ.

ಆದರೆ ಅದೇ ಬಿಸಿಲಿನ ಕೆಳಗೆ ಇನ್ನೊಂದು ಲೋಕ ಇದೆ. ಅಲ್ಮೇರಿಯಾ ಪ್ರಾಂತ್ಯದಲ್ಲಿ 30,000 ಹೆಕ್ಟೇರಿಗೂ ಮಿಕ್ಕಿ ಪ್ಲಾಸ್ಟಿಕ್ ಹಸಿರುಮನೆಗಳಿವೆ. ಬಾಹ್ಯಾಕಾಶದಿಂದಲೂ ಆ ಬಿಳುಪು ಕಾಣುತ್ತದೆ. ಬಹುತೇಕ ಕಡೆ ಹೀಟರಿಲ್ಲ, ಸೂರ್ಯನ ಶಾಖವೇ ಸಾಕು. ಮೋಟರ್‌ಹೋಮುಗಳು ದಕ್ಷಿಣಕ್ಕೆ ಹೋಗುವ ಹೆದ್ದಾರಿಯಲ್ಲೇ ಟೊಮ್ಯಾಟೊ, ಸೌತೆ, ದಪ್ಪ ಮೆಣಸಿನಕಾಯಿ ತುಂಬಿದ ಲಾರಿಗಳು ಉತ್ತರಕ್ಕೆ ಓಡುತ್ತವೆ. ಪ್ರಯಾಣ ಮಾಡಲಾರದೆ ಊರಲ್ಲೇ ಉಳಿದ ಮುದುಕಿಯ ತಟ್ಟೆಗೂ ಆ ಬಿಸಿಲು ತಲುಪುತ್ತದೆ. 2023ರ ಫೆಬ್ರವರಿಯಲ್ಲಿ ಸ್ಪೇನ್ ಮತ್ತು ಮೊರೊಕ್ಕೊದಲ್ಲಿ ಹವೆ ಕೆಟ್ಟಾಗ ಬ್ರಿಟನ್ನಿನ ದೊಡ್ಡ ಅಂಗಡಿಗಳು ಒಬ್ಬರಿಗೆ ಇಷ್ಟೇ ಟೊಮ್ಯಾಟೊ ಎಂದು ಮಿತಿ ಹಾಕಬೇಕಾಯಿತು.

ಅದನ್ನು ಬೆಳೆದು ಕೀಳುವವರಲ್ಲಿ ಬಹಳ ಜನ ಮೊರೊಕ್ಕೊದಿಂದ, ಸಹಾರಾದ ಕೆಳಗಿನ ಆಫ್ರಿಕಾದಿಂದ ಬಂದವರು. ಕಾಬೊ ದೆ ಗಾತಾ ಸೀಮೆಯ ನೀಹರ್ ಪುರಸಭೆಯ ಎಲ್ಲೆಯಲ್ಲೇ, ಹಸಿರುಮನೆಯಿಂದ ಕಿತ್ತೆಸೆದ ಪ್ಲಾಸ್ಟಿಕ್ಕು, ಹಲಗೆ ಸೇರಿಸಿ ಕಟ್ಟಿದ ಗುಡಿಸಲುಗಳಲ್ಲಿ ಅವರಲ್ಲಿ ಹಲವರು ಇರುತ್ತಾರೆ. ಅಂಗಡಿಗಳಲ್ಲಿ ಟೊಮ್ಯಾಟೊ ಇಲ್ಲವಾದ ಅದೇ ಚಳಿಗಾಲ, ಜನವರಿಯ ಕೊನೆಗೆ, ಅಲ್ಲಿನ ವಲೀಲಿ ಎಂಬ ಗುಡಿಸಲು ಕೇರಿಯನ್ನು ಕೆಡವಿ ಹಾಕಿದರು. 2020ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಬಡತನದ ಸ್ಥಿತಿ ನೋಡಲು ಸ್ಪೇನಿಗೆ ಬಂದ ಫಿಲಿಪ್ ಆಲ್‌ಸ್ಟನ್, ಹುವೆಲ್ವಾ ಎಂಬ ಇನ್ನೊಂದು ಪ್ರಾಂತ್ಯದ ಸ್ಟ್ರಾಬೆರಿ ಕೂಲಿಗಳ ಗುಡಿಸಲುಗಳನ್ನು ಕಂಡು, ನೀರು ಅವರಿಂದ ಕಿಲೋಮೀಟರುಗಟ್ಟಲೆ ದೂರ ಇದೆ ಎಂದು ವರದಿ ಮಾಡಿದರು.

ಅಲ್ಮೇರಿಯಾದಲ್ಲಿ ಕೆಲವೇ ಕಿಲೋಮೀಟರು ಅಂತರದಲ್ಲಿ ಎರಡು ಬಗೆಯ ತಾತ್ಕಾಲಿಕ ಮನೆಗಳು. ಎರಡರಲ್ಲೂ ಹೊರಗಿನಿಂದ ಬಂದವರು. ಒಬ್ಬರಿಗೆ ದಾರಿಯುದ್ದಕ್ಕೂ ನಲ್ಲಿ ಸಿಕ್ಕಿತು. ಇನ್ನೊಬ್ಬರು ಕ್ಯಾನಿನಲ್ಲಿ ನೀರು ಹೊರುತ್ತಾರೆ. ಬಿಸಿಲು ಕಾಯಿಸುವ ಮುದುಕರದು ತಪ್ಪು ಎಂದು ನಾನು ಹೇಳುತ್ತಿಲ್ಲ. ನೂರು ಲೀಟರಿನ ಬೆಲೆಯನ್ನು ಮೈಯಲ್ಲೇ ಕಲಿತವರಿಗಿಂತ ಈ ಅನ್ಯಾಯ ಬೇಗ ಅರ್ಥವಾಗುವವರು ಯಾರಿದ್ದಾರೆ? ಸಣ್ಣ ಹಳ್ಳಿಯೊಂದು, ಹೆಸರು ಕೇಳದೆ, ರಾತ್ರಿ ತಂಗಿ ಹೋಗುವವನಿಗೆ ನೀರು ಮತ್ತು ಮೋರಿ ಒದಗಿಸಬಲ್ಲದು ಎಂದಾದರೆ, ಇಡೀ ಖಂಡದ ಚಳಿಗಾಲಕ್ಕೆ ತರಕಾರಿ ಒದಗಿಸುವವರಿಗೆ ಅಷ್ಟನ್ನಾದರೂ ಒದಗಿಸಲು ಹಣದ ಕೊರತೆಯೋ ಜಾಣ್ಮೆಯ ಕೊರತೆಯೋ ಅಡ್ಡಿಯಲ್ಲ. ಗುಡಿಸಲು ಕೆಡವುವ ಮೊದಲು ಇರಲು ಮನೆ ಕೊಡಿ, ಅಲ್ಲಿಯವರೆಗೆ ನೀರು ಕೊಡಿ ಎಂದು ಅಲ್ಲಿ ಕೇಳುತ್ತಿರುವವರ ಪಕ್ಷ ನನ್ನದು.